ಬೇಗ ಆಗುವ ಗೋಧಿ ಬ್ರೆಡ್: ಎಲ್ಲಿ ಅವಸರ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಮೈದಾ ಬೆರೆಸದೆ ಬರೀ ಗೋಧಿ ಹಿಟ್ಟಿನಲ್ಲಿ ಬ್ರೆಡ್ ಮಾಡಲು ಹೊರಟವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಉಬ್ಬಲಿಲ್ಲ, ಇಟ್ಟಿಗೆಯಂತೆ ಗಟ್ಟಿಯಾಯಿತು, ಕತ್ತರಿಸಿದರೆ ಒಳಗೆ ಅಂಟಂಟು, ಮರುದಿನಕ್ಕೆ ಪುಡಿಪುಡಿ. ಯೀಸ್ಟ್ ಸಾಲದಾಯಿತೇನೋ ಎಂದು ಮುಂದಿನ ಸಲ ಇನ್ನೊಂದು ಚಮಚ ಸುರಿಯುತ್ತಾರೆ. ಆಗ ಬ್ರೆಡ್ ಗಟ್ಟಿಯಾಗಿಯೇ ಉಳಿಯುತ್ತದೆ, ಜೊತೆಗೆ ಯೀಸ್ಟಿನ ಕಮಟೂ ಸೇರಿಕೊಳ್ಳುತ್ತದೆ.

ಬಹುಪಾಲು ತಪ್ಪು ಯೀಸ್ಟಿನದಲ್ಲ. ನೀರು ಕಡಿಮೆ ಬಿದ್ದಿರುತ್ತದೆ, ತೌಡಿಗೆ ನೆನೆಯಲು ಹೊತ್ತು ಸಿಕ್ಕಿರುವುದಿಲ್ಲ, ಇಲ್ಲವೇ ಎರಡನೆಯ ಸಲ ಉಬ್ಬಲು ಇಟ್ಟಾಗ ಕಣಕವನ್ನು ನೋಡದೆ ಗಡಿಯಾರ ನೋಡಿರುತ್ತಾರೆ. ಈ ಮೂರನ್ನು ಸರಿಪಡಿಸಿಕೊಂಡರೆ ಬ್ರೆಡ್ ಹಗುರವಾಗುತ್ತದೆ.

ಕೆಳಗಿನ ಕ್ರಮದಲ್ಲಿ ಹಿಟ್ಟು ತೂಗುವುದರಿಂದ ಓವನ್‌ನಿಂದ ಹೊರತೆಗೆಯುವವರೆಗೆ ಸುಮಾರು ಎರಡೂಮುಕ್ಕಾಲು ಗಂಟೆ ಬೇಕು. ಕೈಗೆ ಕೆಲಸವಿರುವುದು ಅರ್ಧ ಗಂಟೆಗೂ ಕಡಿಮೆ. ಸಮಯ ಉಳಿಸುವುದು ಇನ್‌ಸ್ಟಂಟ್ ಯೀಸ್ಟ್ ಮತ್ತು ಬೆಚ್ಚಗಿನ ಜಾಗ. ನೆನೆಸುವ 25 ನಿಮಿಷ ಮತ್ತು ಬೆಂದ ಮೇಲೆ ಆರಿಸುವ ಒಂದು ಗಂಟೆ, ಇವೆರಡರಲ್ಲಿ ಕತ್ತರಿ ಆಡಿಸಬೇಡಿ. ಅವಸರ ಹೆಚ್ಚಿನವರನ್ನು ಸೋಲಿಸುವುದು ಅಲ್ಲಿಯೇ.

ಬೇಕಾದ ಸಾಮಗ್ರಿ

ಸುಮಾರು 21 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲದ ಒಂದು ಬ್ರೆಡ್ ಟಿನ್‌ಗೆ ಈ ಅಳತೆ:

- ಗೋಧಿ ಹಿಟ್ಟು 400 ಗ್ರಾಂ
- ಬೆಚ್ಚಗಿನ ನೀರು 300 ಮಿ.ಲೀ., ಬೇಕಾದರೆ ಸೇರಿಸಲು ಇನ್ನೂ 30 ಮಿ.ಲೀ.
- ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ
- ಜೇನುತುಪ್ಪ ಅಥವಾ ಬೆಲ್ಲದ ಪುಡಿ 20 ಗ್ರಾಂ
- ಉಪ್ಪು 8 ಗ್ರಾಂ
- ವಾಸನೆಯಿಲ್ಲದ ಅಡುಗೆ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ 25 ಗ್ರಾಂ

ಟಿನ್ 23 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲವಿದ್ದರೆ ಹಿಟ್ಟನ್ನು 500 ಗ್ರಾಂಗೆ ಏರಿಸಿ, ಉಳಿದದ್ದನ್ನೆಲ್ಲ ಅದೇ ಪ್ರಮಾಣದಲ್ಲಿ ಹೆಚ್ಚಿಸಿ. ದೊಡ್ಡ ಟಿನ್‌ಗೆ ಸಣ್ಣ ಅಳತೆ ಹಾಕಿ ಬ್ರೆಡ್ ಉಬ್ಬಲಿಲ್ಲವೆಂದು ಬೇಸರ ಪಡುವವರು ಬಹಳ. ಅಲ್ಲಿ ಕಣಕ ಉಬ್ಬಿರುತ್ತದೆ, ಆದರೆ ಟಿನ್ನಿನ ಅಂಚಿನವರೆಗೆ ಬರುವಷ್ಟು ಇರುವುದಿಲ್ಲ.

ಹಿಟ್ಟಿನ ಹಳತನವನ್ನು ಮೂಗಿನಿಂದಲೇ ಪತ್ತೆ ಮಾಡಬಹುದು. ಗೋಧಿಯ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಗೋಧಿ ಹಿಟ್ಟು ಮೈದಾಕ್ಕಿಂತ ಬೇಗ ಕಮಟುತ್ತದೆ. ಹಳೆಯ ಎಣ್ಣೆಯ ವಾಸನೆ ಬಂದರೆ ಆ ಹಿಟ್ಟಿನ ಬ್ರೆಡ್ ಕಹಿಯಾಗುತ್ತದೆ. ಎಷ್ಟು ಬೆಲ್ಲ ಹಾಕಿದರೂ ಆ ಕಹಿ ಮುಚ್ಚುವುದಿಲ್ಲ.

ಪ್ಯಾಕೆಟ್ಟಿನ ಮೇಲೆ ಪ್ರೋಟೀನ್ ಪ್ರಮಾಣ ಬರೆದಿದ್ದರೆ 100 ಗ್ರಾಂಗೆ 12 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವುದನ್ನು ಆರಿಸಿ. ಆ ಸಂಖ್ಯೆಯನ್ನೇ ಪೂರ್ತಿ ನಂಬುವಂತಿಲ್ಲ. ತೌಡು ಮತ್ತು ಮೊಳಕೆಯ ಪ್ರೋಟೀನ್ ಕೂಡ ಅದರಲ್ಲಿ ಸೇರಿರುತ್ತದೆ, ಅದರಿಂದ ಗ್ಲುಟೆನ್, ಅಂದರೆ ಕಣಕದಲ್ಲಿ ಗಾಳಿಯನ್ನು ಹಿಡಿದಿಡುವ ಹಿಗ್ಗುವ ಜಾಲ, ಆಗುವುದಿಲ್ಲ. ಹಿಟ್ಟು ದುರ್ಬಲವೆನಿಸಿದರೆ 12 ಗ್ರಾಂ ಗೋಧಿ ಗ್ಲುಟೆನ್ ಪುಡಿ ಬೆರೆಸಿ, ನೀರನ್ನು 15 ಮಿ.ಲೀ. ಹೆಚ್ಚಿಸಿ.

ಬೇಕಾದ ಉಪಕರಣ

ಡಿಜಿಟಲ್ ತಕ್ಕಡಿ ಮೊದಲು. ಒಂದು ಕಪ್ ಹಿಟ್ಟು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ತೂಗುತ್ತದೆ. ಮೂರು ಕಪ್ಪಿಗೆ ವ್ಯತ್ಯಾಸ 90 ಗ್ರಾಂ. ಅಷ್ಟು ಹೆಚ್ಚಿನ ಹಿಟ್ಟು ಬಿದ್ದರೆ ಮುಂದಿನ ಯಾವ ಹಂತವೂ ಬ್ರೆಡ್ಡನ್ನು ಉಳಿಸಲಾರದು. ಉಪಕರಣಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ತಕ್ಕಡಿಯನ್ನೇ ಕೊಳ್ಳಿ.

ಉಳಿದಂತೆ ಅಗಲದ ಪಾತ್ರೆ, ನೇರ ಅಂಚಿನ ಪಾರದರ್ಶಕ ಡಬ್ಬಿ, ಬ್ರೆಡ್ ಟಿನ್, ಆರಿಸಲು ತಂತಿಯ ಜಾಲರಿ, ಹಲ್ಲುಗಳಿರುವ ಉದ್ದನೆಯ ಚಾಕು ಸಾಕು. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಇದ್ದರೆ ಬೇಯಿಸುವಾಗಿನ ಅನುಮಾನವೆಲ್ಲ ಕಳೆಯುತ್ತದೆ. ಮೈಕ್ರೋವೇವ್‌ನಲ್ಲಿ ಮಾಡುವವರು ಬಿಸಿಗಾಳಿಯಲ್ಲಿ ಬೇಯಿಸುವ ಕನ್ವೆಕ್ಷನ್ ಕ್ರಮವನ್ನೇ ಬಳಸಬೇಕು. ಬರೀ ಮೈಕ್ರೋವೇವ್ ತರಂಗಗಳಲ್ಲಿ ಹೊರಪದರ ಕೆಂಪಗಾಗುವುದಿಲ್ಲ.

ಹಂತ 1: ಯೀಸ್ಟ್ ಜೀವಂತವಾಗಿದೆಯೇ ನೋಡಿ

ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಒಣ ಹಿಟ್ಟಿಗೆ ಬೆರೆಸಬಹುದು. ಪ್ಯಾಕೆಟ್ ತೆರೆದು ಬಹಳ ದಿನವಾಗಿದ್ದರೆ ಮಾತ್ರ ಪರೀಕ್ಷೆ ಬೇಕು. ಅಳತೆಯ ನೀರಿನಲ್ಲೇ ಕಾಲು ಕಪ್ ತೆಗೆದುಕೊಂಡು, ಚಿಟಿಕೆ ಸಕ್ಕರೆ ಮತ್ತು ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಮೇಲೆ ದಪ್ಪ ನೊರೆ ಕಟ್ಟಿದರೆ ಸರಿ. ಅಲ್ಲಲ್ಲಿ ನಾಲ್ಕು ಗುಳ್ಳೆ ಬಂದು ನಿಂತರೆ ಅದನ್ನು ಚೆಲ್ಲಿ. ಸತ್ತ ಯೀಸ್ಟ್ ಕೆಲಸ ಮಾಡದಿರುವುದಷ್ಟೇ ಅಲ್ಲ, ಅದರಿಂದ ಹೊರಬರುವ ಅಂಶ ಗ್ಲುಟೆನ್ನನ್ನೂ ಸಡಿಲಗೊಳಿಸುತ್ತದೆ.

ನಿಮ್ಮಲ್ಲಿರುವುದು ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಯೀಸ್ಟ್ ಆದರೆ ಈ ನೆನೆಸುವಿಕೆ ಪ್ರತಿ ಸಲವೂ ಒಳ್ಳೆಯದು, ಪ್ರಮಾಣವನ್ನೂ 9 ಗ್ರಾಂಗೆ ಏರಿಸಿ. ನೀರು ಮಣಿಕಟ್ಟಿಗೆ ಹಿತವಾಗಿ ಬೆಚ್ಚಗಿರಬೇಕು, ಅಂದರೆ 38ರಿಂದ 40 ಡಿಗ್ರಿ ಸೆಲ್ಸಿಯಸ್. 60 ಡಿಗ್ರಿ ಮುಟ್ಟಿದರೆ ಯೀಸ್ಟ್ ಸಾಯುತ್ತದೆ. ನೀರು ತಣ್ಣಗಿದ್ದರೆ ಬರೀ ತಡವಾಗುತ್ತದೆ, ಬಿಸಿ ಹೆಚ್ಚಾದರೆ ಎಲ್ಲವೂ ವ್ಯರ್ಥ. ಅನುಮಾನವಿದ್ದಾಗ ತಣ್ಣಗಿನ ಕಡೆಗೇ ವಾಲಿ.

ಹಂತ 2: ಕಲಸಿ, 25 ನಿಮಿಷ ಮುಟ್ಟದೆ ಬಿಡಿ

ಹಿಟ್ಟು, ಯೀಸ್ಟ್, ಜೇನುತುಪ್ಪ ಮತ್ತು 300 ಮಿ.ಲೀ. ನೀರನ್ನು ಪಾತ್ರೆಯಲ್ಲಿ ಸೇರಿಸಿ, ಒಣ ಹಿಟ್ಟು ಎಲ್ಲೂ ಉಳಿಯದಂತೆ ಕಲಸಿ. ನಾದಬೇಡಿ. ಉಪ್ಪು ಮತ್ತು ಎಣ್ಣೆ ಈಗ ಬೇಡ. ಉಪ್ಪನ್ನು ಅಳೆದು ಕಣ್ಣೆದುರಿಗೇ ಒಂದು ಬಟ್ಟಲಲ್ಲಿಡಿ, ಮರೆತುಹೋಗುವುದು ಅದೇ. ಪಾತ್ರೆಯನ್ನು ಮುಚ್ಚಿ 25 ನಿಮಿಷ ಬಿಡಿ.

ಈ ಹಂತವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಗೋಧಿಯ ತೌಡು ನೀರನ್ನು ನಿಧಾನವಾಗಿ ಕುಡಿಯುತ್ತದೆ, ಆದರೆ ಬಹಳ ಕುಡಿಯುತ್ತದೆ. ನೆನೆಯದ ತೌಡಿನ ಚೂರುಗಳು ಗಡುಸಾಗಿ, ಅಂಚು ಚೂಪಾಗಿ ಇರುತ್ತವೆ. ನಾದುವಾಗ ಅವು ಗ್ಲುಟೆನ್ ಎಳೆಗಳನ್ನು ತುಂಡರಿಸುತ್ತವೆ, ಗಾಳಿಯನ್ನು ಹಿಡಿದಿಡಬೇಕಾದ ಜಾಲ ಹರಿಯುತ್ತದೆ. ನೆನೆದ ತೌಡು ಮೆತ್ತಗಾಗಿ ಬಾಗುತ್ತದೆ. ಇದೇ ಹೊತ್ತಿನಲ್ಲಿ ನೀರು ಹೀರಿದ ಪ್ರೋಟೀನ್ ತನ್ನಷ್ಟಕ್ಕೇ ಗ್ಲುಟೆನ್ ಆಗಿ ಹೆಣೆದುಕೊಳ್ಳಲು ಶುರುಮಾಡುತ್ತದೆ, ನಿಮ್ಮ ನಾದುವ ಶ್ರಮ ಅರ್ಧದಷ್ಟು ಇಳಿಯುತ್ತದೆ.

25 ನಿಮಿಷದ ನಂತರ ಬೆರಳಿನಿಂದ ಒಂದು ಚೂರನ್ನು ಎಳೆದು ನೋಡಿ. ಮೊದಲು ಪಟ್ಟನೆ ತುಂಡಾಗುತ್ತಿದ್ದದ್ದು ಈಗ ಒಂದೆರಡು ಅಂಗುಲ ಹಿಗ್ಗಿ ತುಂಡಾಗುತ್ತದೆ. ನೀರಿನ ಹದ ನೋಡಬೇಕಾದದ್ದೂ ಈಗಲೇ. ಬೆರಳಿಟ್ಟರೆ ಗಟ್ಟಿಯಾಗಿದ್ದು, ಮೇಲ್ಮೈ ಒಣಗಿದಂತಿದ್ದರೆ ಇರಿಸಿಕೊಂಡ ನೀರಿನಲ್ಲಿ ಒಂದೊಂದೇ ಚಮಚ ಸೇರಿಸಿ. ಕಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟು ಹೆಚ್ಚು ನೀರು ಕೇಳುತ್ತದೆ, 30 ಮಿ.ಲೀ. ಪೂರ್ತಿ ಬೇಕಾಗಬಹುದು.

ಲಟ್ಟಿಸಲು ಕಲಸುವ ಕಣಕದ ಹದ ಕೈಗೆ ಅಭ್ಯಾಸವಾಗಿರುವವರು ಇಲ್ಲಿ ತಪ್ಪುವುದು ಸಹಜ. ಬ್ರೆಡ್ಡಿನ ಕಣಕ ಅದಕ್ಕಿಂತ ಎಷ್ಟೋ ಮೃದು, ಕೈಗೆ ಅಂಟುವಷ್ಟು ಒದ್ದೆ. ಅಂಟುತ್ತಿದೆಯೆಂದು ಗಾಬರಿಯಾಗಬೇಡಿ.

ಹಂತ 3: ಹಿಟ್ಟು ಉದುರಿಸದೆ ನಾದಿ

ಉಪ್ಪನ್ನು ಮೇಲೆ ಚಿಮುಕಿಸಿ, ಎಣ್ಣೆ ಹಾಕಿ, ಎರಡೂ ಒಳಸೇರುವವರೆಗೆ ಮುಷ್ಟಿಯಲ್ಲಿ ಹಿಸುಕಿ. ಒಂದು ನಿಮಿಷ ಕಣಕ ಛಿದ್ರವಾಗಿ ಜಾರಾಡುತ್ತದೆ, ಆಮೇಲೆ ಕೂಡಿಕೊಳ್ಳುತ್ತದೆ. ಎಣ್ಣೆಯನ್ನು ಮೊದಲೇ ಹಾಕಿದ್ದರೆ ಅದು ಹಿಟ್ಟಿನ ಕಣಗಳನ್ನು ಸವರಿ ನೀರು ಇಳಿಯದಂತೆ ಮಾಡುತ್ತಿತ್ತು.

ಇನ್ನು 8ರಿಂದ 10 ನಿಮಿಷ ನಾದುವುದು. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಮೊದಲ ಮೂರು ನಿಮಿಷ ಕಣಕ ಬೆರಳುಗಳ ಸಂದಿಗೆಲ್ಲ ಅಂಟಿ, ಎಳೆದರೆ ಒರಟಾಗಿ ಹರಿಯುತ್ತದೆ. ಆರನೆಯ ನಿಮಿಷದ ಹೊತ್ತಿಗೆ ಮೇಲ್ಮೈ ನಯವಾಗತೊಡಗಿ, ಒತ್ತಿದರೆ ಹಿಂದಕ್ಕೆ ತಳ್ಳುವ ಬಿಗಿ ಕೈಗೆ ತಿಳಿಯುತ್ತದೆ. ಕೊನೆಗೆ ಅಂಟು ಉಳಿದರೂ ಕೈಗೆ ಮೆತ್ತಿಕೊಳ್ಳದೆ ಬಿಟ್ಟುಬರುತ್ತದೆ. ಯಂತ್ರದಲ್ಲಾದರೆ ಕಡಿಮೆ ವೇಗದಲ್ಲಿ 5ರಿಂದ 6 ನಿಮಿಷ ಸಾಕು.

ಅಂಟಿದಾಗಲೆಲ್ಲ ಮೇಲೊಂದು ಹಿಡಿ ಹಿಟ್ಟು ಉದುರಿಸುವುದು ಈ ಬ್ರೆಡ್ಡನ್ನು ಕೆಡಿಸುವ ಅಭ್ಯಾಸಗಳಲ್ಲಿ ಮೊದಲನೆಯದು. ಎರಡು ಹಿಡಿ ಸೇರುವಷ್ಟರಲ್ಲಿ ನೀರಿನ ಪ್ರಮಾಣ ಬಿದ್ದುಹೋಗಿರುತ್ತದೆ, ಹೊಸ ಹಿಟ್ಟಿನ ತೌಡು ನೆನೆದೂ ಇರುವುದಿಲ್ಲ. ಕೈಗೆ ಎಣ್ಣೆ ಸವರಿಕೊಳ್ಳಿ ಅಥವಾ ನೀರು ಅದ್ದಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಕಣಕವನ್ನು ಮುಚ್ಚಿಟ್ಟು ಐದು ನಿಮಿಷ ಬಿಟ್ಟು ಮತ್ತೆ ನಾದಿ.

ನಾದಿದ್ದು ಸಾಕೇ ಎಂದು ತಿಳಿಯಲು ನಿಂಬೆ ಗಾತ್ರದ ಉಂಡೆ ತೆಗೆದು, ಎರಡೂ ಕೈಗಳ ಬೆರಳುಗಳಿಂದ ನಿಧಾನವಾಗಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ತೆಳ್ಳಗಾಗಿ, ತೌಡಿನ ಚುಕ್ಕೆಗಳ ನಡುವೆ ಬೆಳಕು ಕಂಡರೆ ಸಾಕು. ಮೈದಾ ಕಣಕದಷ್ಟು ಪಾರದರ್ಶಕ ಪೊರೆ ಗೋಧಿಯಲ್ಲಿ ಬರುವುದಿಲ್ಲ, ಅದಕ್ಕಾಗಿ ನಾದುತ್ತಲೇ ಇರಬೇಡಿ.

ಹಂತ 4: ಮೊದಲ ಹುದುಗು

ಎಣ್ಣೆ ಸವರಿದ ಡಬ್ಬಿಗೆ ಕಣಕ ಹಾಕಿ, ಮೇಲ್ಮಟ್ಟಕ್ಕೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಹಾಕಿ ಗುರುತಿಡಿ, ಮುಚ್ಚಿ. ಸುಮಾರು 28 ಡಿಗ್ರಿ ಇರುವ ಜಾಗದಲ್ಲಿ 40ರಿಂದ 45 ನಿಮಿಷ ಹಿಡಿಯುತ್ತದೆ. ಮನೆ ತಣ್ಣಗಿದ್ದರೆ ಆರಿಸಿದ ಓವನ್‌ನೊಳಗೆ ಬಿಸಿನೀರಿನ ಬಟ್ಟಲೊಂದನ್ನಿಟ್ಟು ಡಬ್ಬಿಯನ್ನು ಅದರ ಪಕ್ಕ ಇಡಿ. 35 ಡಿಗ್ರಿ ದಾಟಿಸಬೇಡಿ. ಬೇಗ ಉಬ್ಬುತ್ತದೆ ನಿಜ, ಆದರೆ ರುಚಿ ಕೆಡುತ್ತದೆ, ಕಣಕ ಬಲ ಕಳೆದುಕೊಳ್ಳುತ್ತದೆ.

ಕಣಕ ಎರಡು ಪಟ್ಟಾಗಲೇಬೇಕೆಂದು ಕಾಯುತ್ತಾ ಕೂರಬೇಡಿ, ಅದು ಮೈದಾ ಬ್ರೆಡ್ಡಿನ ನಿಯಮ. ಬರೀ ಗೋಧಿಯ ಕಣಕ ಒಂದೂವರೆ ಪಟ್ಟಿಗಿಂತ ಸ್ವಲ್ಪ ಮೇಲೇರಿದರೆ ತೆಗೆಯಿರಿ. ಒಂದು ಗಂಟೆಯಾದರೂ ಗುರುತು ಬಿಟ್ಟು ಮೇಲೇಳದಿದ್ದರೆ ಒಂದೋ ಯೀಸ್ಟ್ ಸತ್ತಿದೆ, ಇಲ್ಲವೇ ಕಣಕ ತೀರಾ ತಣ್ಣಗಿದೆ. ಮುಟ್ಟಿ ನೋಡಿ. ತಣ್ಣಗಿದ್ದರೆ ಬೆಚ್ಚಗಿಟ್ಟು ಇನ್ನೂ ಅರ್ಧ ಗಂಟೆ ಕೊಡಿ. ಅದಕ್ಕೆ ವಿರುದ್ಧವಾಗಿ, 20 ನಿಮಿಷಕ್ಕೇ ಭರ್ರನೆ ಉಬ್ಬಿ ಜೋಲಾಡುತ್ತಿದ್ದರೆ ಒಂದು ಚೂರನ್ನು ನಾಲಿಗೆಗಿಟ್ಟು ಉಗುಳಿ ನೋಡಿ. ಉಪ್ಪು ಬಿಟ್ಟುಹೋದಾಗ ಯೀಸ್ಟಿಗೆ ಕಡಿವಾಣ ಇರುವುದಿಲ್ಲ. ಈಗಲೂ ಉಪ್ಪನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ ನಾದಿ ಸೇರಿಸಬಹುದು.

ಹಂತ 5: ಬಿಗಿಯಾಗಿ ಸುತ್ತಿ ಟಿನ್‌ಗೆ ಇಳಿಸಿ

ಟಿನ್‌ಗೆ ಎಣ್ಣೆ ಸವರಿಕೊಂಡಿರಿ. ಕಣಕವನ್ನು ಎಣ್ಣೆ ಸವರಿದ ಕಟ್ಟೆಯ ಮೇಲೆ ಬೀಳಿಸಿ, ಅಂಗೈಯಿಂದ ತಟ್ಟಿ ದೊಡ್ಡ ಗುಳ್ಳೆಗಳನ್ನು ಹೊರಹಾಕಿ. ಟಿನ್ನಿನ ಉದ್ದದಷ್ಟೇ ಅಗಲವಿರುವ ಆಯತ ಮಾಡಿ. ನಿಮ್ಮಿಂದ ದೂರದ ಅಂಚಿನಿಂದ ಶುರುಮಾಡಿ ನಿಮ್ಮ ಕಡೆಗೆ ಸುತ್ತುತ್ತಾ ಬನ್ನಿ, ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಒತ್ತಿ ಬಿಗಿಗೊಳಿಸಿ. ಕೊನೆಯ ಅಂಚನ್ನು ಚಿವುಟಿ ಮುಚ್ಚಿ, ಆ ಹೊಲಿಗೆ ತಳಕ್ಕೆ ಬರುವಂತೆ ಟಿನ್‌ನಲ್ಲಿಡಿ. ಸುತ್ತು ಸಡಿಲವಾದರೆ ಬೆಂದ ಬ್ರೆಡ್ಡಿನಲ್ಲಿ ಸುರುಳಿಯ ಉದ್ದಕ್ಕೂ ಟೊಳ್ಳು ಉಳಿಯುತ್ತದೆ.

ಹಂತ 6: ಎರಡನೆಯ ಹುದುಗು, ಕಣ್ಣಿಡಬೇಕಾದ ಹೊತ್ತು

ಒದ್ದೆ ಬಟ್ಟೆ ಮುಚ್ಚಿ ಅದೇ ಬೆಚ್ಚಗಿನ ಜಾಗದಲ್ಲಿ ಇಡಿ. 25ರಿಂದ 40 ನಿಮಿಷದ ನಡುವೆ ಯಾವಾಗ ಬೇಕಾದರೂ ಸಿದ್ಧವಾಗಬಹುದು, ಆದ್ದರಿಂದ ಇಪ್ಪತ್ತನೆಯ ನಿಮಿಷದಿಂದಲೇ ನೋಡುತ್ತಿರಿ. ಕಣಕ ಓವನ್‌ನಲ್ಲಿದ್ದರೆ ಈಗ ಹೊರತೆಗೆದು, ಓವನ್ನನ್ನು 190 ಡಿಗ್ರಿಗೆ ಹಚ್ಚಿ. ಅದು ಕಾಯಲು 15ರಿಂದ 20 ನಿಮಿಷ ಬೇಕು. ಕಣಕ ಸಿದ್ಧವಾದ ಮೇಲೆ ಓವನ್ ಹಚ್ಚಿದರೆ ಆ ಇಪ್ಪತ್ತು ನಿಮಿಷದಲ್ಲೇ ಹದ ಮೀರುತ್ತದೆ.

ಗೋಧಿಯ ಕಣಕ ಹದ ಮೀರಿದ ಮೇಲೆ ಬಹಳ ಹೊತ್ತು ತಾಳಿಕೊಳ್ಳುವುದಿಲ್ಲ. ತೌಡಿನಿಂದ ಮೊದಲೇ ದುರ್ಬಲವಾದ ಗೋಡೆಗಳು ಗಾಳಿಯ ಒತ್ತಡಕ್ಕೆ ಒಡೆಯುತ್ತವೆ, ಓವನ್‌ನ ಶಾಖದಲ್ಲಿ ಮೇಲೇಳಬೇಕಾದ ಬ್ರೆಡ್ ಕುಸಿಯುತ್ತದೆ. ಮಧ್ಯಭಾಗ ಟಿನ್ನಿನ ಅಂಚಿಗಿಂತ ಒಂದೂವರೆ ಸೆಂ.ಮೀ. ಮೇಲೆ ಗುಮ್ಮಟವಾಗಿ ನಿಂತಾಗ ಒಳಗಿಡಿ.

ಬೆರಳಿಗೆ ಹಿಟ್ಟು ಹಚ್ಚಿಕೊಂಡು ಅಂಚಿನ ಬಳಿ ಅರ್ಧ ಅಂಗುಲ ಒತ್ತಿ ತೆಗೆಯಿರಿ. ಗುಳಿ ತಕ್ಷಣ ತುಂಬಿಕೊಂಡರೆ ಇನ್ನೂ ಐದು ನಿಮಿಷ ಬೇಕು. ನಿಧಾನವಾಗಿ ಅರ್ಧದಷ್ಟು ತುಂಬಿ ನಿಂತರೆ ಈಗಲೇ ಒಳಗೆ ಹೋಗಬೇಕು. ಗುಳಿ ಹಾಗೆಯೇ ಉಳಿದರೆ, ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ಒಡೆದು ತೂತಾಗಿದ್ದರೆ, ಹದ ಮೀರಿದೆ. ಆಗಲೂ ದಾರಿಯಿದೆ. ಕಣಕವನ್ನು ಹೊರತೆಗೆದು ತಟ್ಟಿ, ಮತ್ತೆ ಸುತ್ತಿ ಟಿನ್‌ಗಿಟ್ಟು ಉಬ್ಬಲು ಬಿಟ್ಟು, ಈ ಸಲ ಬೇಗ ಓವನ್‌ಗೆ ಹಾಕಿ. ಬ್ರೆಡ್ ತುಸು ಗಿಡ್ಡವಾಗಬಹುದು, ಕುಸಿದ ಬ್ರೆಡ್ಡಿಗಿಂತ ಅದು ವಾಸಿ. ಈ ಉಪಾಯ ಒಂದೇ ಸಲಕ್ಕೆ.

ಅಂದಕ್ಕಾಗಿ ಮೇಲೆ ಸೀಳು ಹಾಕುವ ಆಸೆಯಿದ್ದರೆ ಹದವಾದ ಕಣಕಕ್ಕೆ ಉದ್ದಕ್ಕೆ ಒಂದೇ ಗೀರು ಸಾಕು. ಹದ ಮೀರಿದ್ದಕ್ಕೆ ಚಾಕು ತಾಗಿಸಲೇಬೇಡಿ, ಗಾಳಿಯೆಲ್ಲ ಹೋಗುತ್ತದೆ.

ಹಂತ 7: ಬೇಯಿಸುವುದು

ಬ್ರೆಡ್ಡಿನ ಮಧ್ಯಭಾಗ ಓವನ್‌ನ ಮಧ್ಯಕ್ಕೆ ಬರುವಂತೆ ಓವನ್‌ನ ಕೆಳಗಿನ ಜಾಲರಿಯ ಮೇಲೆ ಟಿನ್ ಇಡಿ. 190 ಡಿಗ್ರಿಯಲ್ಲಿ 35ರಿಂದ 40 ನಿಮಿಷ, ಫ್ಯಾನ್ ಇದ್ದರೆ 175 ಡಿಗ್ರಿ. 20 ನಿಮಿಷಕ್ಕೆ ಮೇಲ್ಭಾಗ ಕೆಂಪಗಾಗಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ. ಮೊದಲ 20 ನಿಮಿಷ ಬಾಗಿಲು ತೆರೆಯಬೇಡಿ.

ಬಣ್ಣ ನೋಡಿ ಬೆಂದಿದೆಯೆಂದು ನಂಬಬೇಡಿ. ಗೋಧಿ ಹಿಟ್ಟು ಮೊದಲೇ ಕಂದು, ಮೇಲೆ ಜೇನುತುಪ್ಪ ಬೇರೆ ಸೇರಿದೆ. ಥರ್ಮಾಮೀಟರನ್ನು ಮಧ್ಯಕ್ಕೆ ಚುಚ್ಚಿದಾಗ 93ರಿಂದ 96 ಡಿಗ್ರಿ ತೋರಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬ್ರೆಡ್ಡನ್ನು ಟಿನ್‌ನಿಂದ ಬೋರಲು ಹಾಕಿ ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬರಬೇಕು. ಮಂದ ಸದ್ದು ಬಂದರೆ ಟಿನ್ ಇಲ್ಲದೆಯೇ ಮತ್ತೆ ಐದು ನಿಮಿಷ ಒಳಗಿಡಿ.

ಮನೆಯ ಓವನ್‌ಗಳ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ಉಷ್ಣತೆಗೂ 10ರಿಂದ 20 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಪ್ರತಿ ಸಲವೂ ತಳ ಬಿಳಚಿಕೊಂಡು ಮೇಲ್ಭಾಗ ಸುಡುತ್ತಿದ್ದರೆ ಅಳತೆಯನ್ನು ಬದಲಿಸುವ ಮೊದಲು ಓವನ್ನಿನ ಶಾಖವನ್ನು ಪರೀಕ್ಷಿಸಿ.

ಹಂತ 8: ಆರಿಸುವುದೂ ಅಡುಗೆಯ ಭಾಗವೇ

ಹೊರತೆಗೆದ ಐದು ನಿಮಿಷದೊಳಗೆ ಟಿನ್‌ನಿಂದ ಬಿಡಿಸಿ ಜಾಲರಿಯ ಮೇಲಿಡಿ. ಟಿನ್‌ನಲ್ಲೇ ಬಿಟ್ಟರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ. ಒಂದು ಗಂಟೆಯವರೆಗೆ ಚಾಕು ಮುಟ್ಟಬೇಡಿ. ಆ ಹೊತ್ತಿನಲ್ಲಿ ಒಳಗಿನ ಪಿಷ್ಟ ಗಟ್ಟಿಯಾಗುತ್ತಿರುತ್ತದೆ, ಹಬೆ ನಿಧಾನವಾಗಿ ಹೊರಬರುತ್ತಿರುತ್ತದೆ. ಬಿಸಿಯಲ್ಲಿ ಕತ್ತರಿಸಿದರೆ ಚಾಕುವಿಗೆ ಅಂಟು ಮೆತ್ತಿ, ಸರಿಯಾಗಿ ಬೆಂದ ಬ್ರೆಡ್ ಕೂಡ ಹಸಿಯಾಗಿರುವಂತೆ ಕಾಣುತ್ತದೆ. ಬೇಯಲಿಲ್ಲ ಎಂದು ದೂರುವವರಲ್ಲಿ ಹಲವರ ಬ್ರೆಡ್ ಬೆಂದೇ ಇರುತ್ತದೆ.

ಹೋಳು ನೋಡಿ ತಪ್ಪು ಗುರುತಿಸುವುದು

ಬ್ರೆಡ್ಡಿನ ಬದಿಯಲ್ಲಿ ಟಿನ್ನಿನ ಅಂಚಿನ ಮಟ್ಟಕ್ಕೆ ಒರಟಾದ ಸೀಳು ಬಿದ್ದಿದ್ದರೆ ಎರಡನೆಯ ಹುದುಗು ಸಾಲಲಿಲ್ಲ. ಮೇಲ್ಭಾಗ ಚಪ್ಪಟೆಯಾಗಿದ್ದರೆ ಅಥವಾ ತಗ್ಗಾಗಿದ್ದರೆ ಅದೇ ಹುದುಗು ಹೆಚ್ಚಾಯಿತು. ಇವೆರಡನ್ನು ಅದಲುಬದಲು ಮಾಡಿಕೊಂಡವರು ಪ್ರತಿ ಸಲವೂ ತಪ್ಪು ದಿಕ್ಕಿನಲ್ಲಿ ತಿದ್ದುತ್ತಾರೆ, ಆದ್ದರಿಂದ ಹೊರಗಿನ ಆಕಾರವನ್ನೇ ಮೊದಲು ನೋಡಿ.

ತಳದಲ್ಲಿ ಒಂದು ಬೆರಳು ದಪ್ಪದ ಒತ್ತಾದ ಪಟ್ಟಿಯಿದ್ದರೆ ಬೇಯಿಸಿದ್ದು ಅಥವಾ ಉಬ್ಬಿಸಿದ್ದು ಕಡಿಮೆ. ಹೋಳು ಮೆತ್ತಗಿದ್ದೂ ಮುಟ್ಟಿದರೆ ಪುಡಿಯಾಗುತ್ತಿದ್ದರೆ ನೀರು ಇಲ್ಲವೇ ನಾದುವಿಕೆ ಸಾಲದು. ಇಡೀ ಹೋಳು ಒಂದೇ ಸಮನೆ ಒತ್ತಾಗಿ, ಭಾರವಾಗಿದ್ದರೆ ಹಂತ 2 ಮತ್ತು 3ರಲ್ಲಿ ಹಿಟ್ಟು ಹೆಚ್ಚು ಬಿದ್ದಿದೆ. ಮುಂದಿನ ಸಲ ಯೀಸ್ಟ್ ಮುಟ್ಟದೆ ನೀರನ್ನಷ್ಟೇ 20 ಮಿ.ಲೀ. ಏರಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಯೀಸ್ಟ್ ಮುಗಿದಿದೆಯೆಂದು ಇದೇ ಕಣಕಕ್ಕೆ ಬೇಕಿಂಗ್ ಪೌಡರ್ ಹಾಕಿ ನಾದುವುದು ಬೇಡ. ಸೋಡಾ, ಬೇಕಿಂಗ್ ಪೌಡರ್ ಬಳಸುವ ಬ್ರೆಡ್ಡಿಗೆ ನಾದುವಿಕೆಯೇ ಆಗದು. ಅದರ ಕ್ರಮವೇ ಬೇರೆ.

ಇಟ್ಟುಕೊಳ್ಳುವುದು

ಪೂರ್ತಿ ಆರಿದ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಹೊರಗೇ ಎರಡು ದಿನ ಚೆನ್ನಾಗಿರುತ್ತದೆ, ಸೆಕೆ ಹೆಚ್ಚಿದ್ದರೆ ಅದಕ್ಕೂ ಕಡಿಮೆ. ಸ್ವಲ್ಪ ಬೂಸ್ಟು ಕಂಡರೂ ಆ ಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ತಿನ್ನಬೇಡಿ, ಇಡೀ ಬ್ರೆಡ್ಡನ್ನು ಎಸೆಯಿರಿ. ಫ್ರಿಜ್‌ನಲ್ಲಿ ಬೂಸ್ಟು ತಡವಾಗುತ್ತದೆ, ಆದರೆ ಪಿಷ್ಟ ಬೇಗ ಬಿರುಸಾಗಿ ಬ್ರೆಡ್ ಒಣಕಲಾಗುತ್ತದೆ. ಎರಡು ದಿನದಲ್ಲಿ ಮುಗಿಯದಷ್ಟಿದ್ದರೆ ಮೊದಲ ದಿನವೇ ಹೋಳು ಮಾಡಿ, ಗಾಳಿಯಾಡದ ಚೀಲದಲ್ಲಿ ಫ್ರೀಜರ್‌ಗೆ ಹಾಕಿ. ಬೇಕಾದಾಗ ಹೋಳನ್ನು ಕರಗಲು ಬಿಡದೆ ನೇರವಾಗಿ ಟೋಸ್ಟರ್‌ಗೆ ಅಥವಾ ಬಿಸಿ ಕಾವಲಿಗೆ ಹಾಕಿ.